ಹಾಜರಿ ಹಾಕುವ ಮೊದಲು ಕಾರಣ ಕೇಳಿ: ಶಿಕ್ಷಕರಿಗೂ ಶಿಕ್ಷಣ ಇಲಾಖೆಗೂ ಒಂದು ಬಹಿರಂಗ ಪತ್ರ

ರಾಜ್ಯದ ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಿಕ್ಷಕ ಬಂಧುಗಳಿಗೆ ಹಾಗೂ ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ಹೊಸ ಶೈಕ್ಷಣಿಕ ವರ್ಷದ ವೇಳಾಪಟ್ಟಿ, ವಿಷಯ ಹಂಚಿಕೆ, ಕ್ರಿಯಾಯೋಜನೆಗಳು ಸಿದ್ಧವಾಗುವ ಹೊತ್ತಿನಲ್ಲಿ ಈ ಪತ್ರವನ್ನು ಬರೆಯುತ್ತಿದ್ದೇನೆ. ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ನನ್ನ ಬಿನ್ನಹ ಒಂದೇ. ನಮ್ಮ ಕಣ್ಣಿಗೆ ತಪ್ಪೆಂದು ಕಾಣುವ ಮಗುವಿನ ಯಾವುದೇ ನಡೆಯ ಹಿಂದೆ ಒಂದು ಕಾರಣ ಇರುತ್ತದೆ. ಆ ಕಾರಣವನ್ನು ಗದರುವುದಕ್ಕೆ ಮೊದಲು, ಬೇರೆ ಮಕ್ಕಳ ಕಿವಿಗೆ ಬೀಳದಂತೆ ವಿಚಾರಿಸುವ ರೂಢಿ ನಮ್ಮ ಶಾಲೆಗಳಲ್ಲಿ ನೆಲೆಯೂರಬೇಕು, ಮತ್ತು ಹಾಗೆ ವಿಚಾರಿಸಲು ಶಿಕ್ಷಕರಿಗೆ ಬೇಕಾದ ಬಿಡುವನ್ನು ಇಲಾಖೆ ಮಾಡಿಕೊಡಬೇಕು. ಶಿಕ್ಷಕರ ಕರುಣೆಯ ಬಗ್ಗೆ ಭಾಷಣಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಅದು ದಿನದ ಯಾವ ಗಳಿಗೆಯಲ್ಲಿ, ಯಾವ ಕೆಲಸದಲ್ಲಿ ಕಾಣಿಸಿಕೊಳ್ಳಬೇಕು ಎಂಬುದನ್ನು ಮಾತ್ರ ನಾವು ಕುಳಿತು ಚರ್ಚಿಸಿದ್ದು ಕಡಿಮೆ.

ಕಾನೂನಿನ ಮಾತನ್ನು ಮೊದಲೇ ಮುಗಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗು ಭಯ, ಆಘಾತ, ಆತಂಕಗಳಿಲ್ಲದೆ ಕಲಿಯುವಂತಿರಬೇಕು ಎಂದು ಅದೇ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಆ ಕಾಯ್ದೆಯ ವ್ಯಾಪ್ತಿ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಎಂದು ವಾದಿಸುವವರು, ಹದಿನೆಂಟು ವರ್ಷದವರೆಗಿನ ಎಲ್ಲ ಮಕ್ಕಳನ್ನೂ ರಕ್ಷಿಸುವ ಬಾಲನ್ಯಾಯ ಕಾಯ್ದೆ 2015 ಇದೆ ಎಂಬುದನ್ನು ಮರೆಯಬಾರದು. ಕಾನೂನು ಇದ್ದೂ 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಇಡೀ ರಾಜ್ಯವನ್ನು ತಲೆ ತಗ್ಗಿಸುವಂತೆ ಮಾಡಿತು. ಅಂಥ ಪ್ರಕರಣಗಳಿಗೆ ಪೊಲೀಸರಿದ್ದಾರೆ, ನ್ಯಾಯಾಲಯಗಳಿವೆ. ನಾನು ಬರೆಯಹೊರಟಿರುವುದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗದ, ಯಾವ ಠಾಣೆಯಲ್ಲೂ ದಾಖಲಾಗದ, ಒಳ್ಳೆಯ ಶಿಕ್ಷಕರೆಂದು ಹೆಸರಾದವರಿಂದಲೂ ದಿನನಿತ್ಯ ನಡೆದುಹೋಗುವ ಸಂಗತಿಗಳ ಬಗ್ಗೆ.

ಬೆಳಗಿನ ಪ್ರಾರ್ಥನೆಯಿಂದಲೇ ಆರಂಭಿಸೋಣ. ತಡವಾಗಿ ಬಂದವರನ್ನು ಗೇಟಿನ ಬಳಿ ಸಾಲಾಗಿ ನಿಲ್ಲಿಸುವುದು, ಮೈದಾನ ಸುತ್ತಿಸುವುದು, ಕಸ ಆರಿಸಲು ಹಚ್ಚುವುದು, ಮೊದಲ ಪಿರಿಯಡ್ ಮುಗಿಯುವವರೆಗೆ ಹೊರಗೇ ಇರಿಸುವುದು ಎಷ್ಟೋ ಶಾಲೆಗಳಲ್ಲಿ ಇಂದಿಗೂ ಶಿಸ್ತಿನ ಹೆಸರಿನಲ್ಲಿ ನಡೆಯುತ್ತಿದೆ. ನಮ್ಮ ಭಾಗದಲ್ಲಿ ದಸರಾ ರಜೆ ಮುಗಿಯುವ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ, ಅದು ಮುಗಿಯುತ್ತಿದ್ದಂತೆ ಮೆಣಸಿನಕಾಯಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಆ ದಿನಗಳಲ್ಲಿ ವಾರದಲ್ಲಿ ಮೂರು ದಿನವಾದರೂ ತಡವಾಗಿ ಬರುತ್ತಿದ್ದಳು. ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ತಟ್ಟೆ ಚಾಚಿದಾಗ ಅವಳ ಬೆರಳ ತುದಿಗಳನ್ನು ನೋಡಿದೆ: ಒಣಗಿದ ಹತ್ತಿಕಾಯಿಯ ಸಿಪ್ಪೆ ಗೀರಿ ಗೀರಿ ಉಗುರಿನ ಸುತ್ತ ಚರ್ಮ ಸುಲಿದಿತ್ತು, ಬಿಸಿ ಸಾರು ತಾಗದಂತೆ ತಟ್ಟೆಯನ್ನು ಅಂಗೈ ಮೇಲೆ ಹಿಡಿದಿದ್ದಳು. ಊಟವಾದ ಮೇಲೆ ನೀರಿನ ತೊಟ್ಟಿಯ ಹತ್ತಿರ, ಯಾರೂ ಇಲ್ಲದಾಗ, "ಯಾಕವ್ವಾ, ಹೊಲಕ್ಕ ಹೋಗ್ತೀಯೇನು?" ಎಂದು ಕೇಳಿದೆ. "ಬೆಳಕು ಹರಿಯೂದ್ರಾಗ ಹೋಗಿ ಒಂದ್ ಸಾಲು ಬಿಡಿಸಿ ಬರ್ತೀನ್ರೀ ಮೇಡಂ, ಅವ್ವಗ ಒಬ್ಬಾಕಿಗೆ ಆಗಂಗಿಲ್ಲ" ಎಂದಳು. ಅವಳು ತಡಮಾಡಿಕೊಂಡು ಬರುತ್ತಿದ್ದ ಹುಡುಗಿಯಲ್ಲ, ಅಷ್ಟು ಕೆಲಸ ಮುಗಿಸಿಯೂ ಶಾಲೆ ಬಿಡದ ಹುಡುಗಿ. ಗೇಟಿನ ಬಳಿ ನಿಲ್ಲಿಸಿದ್ದರೆ ಇನ್ನೆರಡು ವಾರದಲ್ಲಿ ಪೂರ್ತಿ ಹೊಲದಲ್ಲೇ ಉಳಿಯುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂದೆ ಮಾಡಿದ್ದೇನೂ ದೊಡ್ಡದಲ್ಲ. ಮುಖ್ಯ ಶಿಕ್ಷಕರಿಗೆ ತಿಳಿಸಿ ಮೊದಲ ಪಿರಿಯಡ್‌ನ ಪಾಠವನ್ನು ಪಕ್ಕದ ಹುಡುಗಿಯಿಂದ ಅವಳಿಗೆ ಹೇಳಿಸುವ ವ್ಯವಸ್ಥೆಯಾಯಿತು, ತಾಯಿಯನ್ನು ಒಂದು ಸಂಜೆ ಮನೆಯಲ್ಲೇ ಕಂಡು ಮಾತಾಡಿದ್ದಾಯಿತು. ಪೂರ್ತಿ ನಿಲ್ಲದಿದ್ದರೂ ಅವಳು ಹೊಲಕ್ಕೆ ಹೋಗುವ ದಿನಗಳು ಕಡಿಮೆಯಾದವು.

ಕಾರಣಗಳು ಊರಿಗೊಂದು ಬಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರವಾಗಿದೆ. ಅದರ ಜೊತೆಗೆ ಬೆಳಗಿನ ಬಸ್ಸುಗಳು ತುಂಬಿ ಬಂದು, ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದು ನಿಂತ ಶಾಲಾ ಮಕ್ಕಳನ್ನು ಬಿಟ್ಟು ಮುಂದೆ ಹೋಗುವುದೂ ಉಂಟು. ಅದಕ್ಕೆ ಮಗುವನ್ನು ದಂಡಿಸುವ ಬದಲು ಮುಖ್ಯ ಶಿಕ್ಷಕರು ಡಿಪೋ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆಯಬಹುದು. ಮಲೆನಾಡಿನಲ್ಲಿ ಮಳೆಗಾಲದ ಹಳ್ಳ, ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್‌ಗಳಲ್ಲಿ ನೀರಿನ ಟ್ಯಾಂಕರಿಗೆ ಕಾಯುವ ಸರದಿ, ತಾಯಿ ಕೆಲಸಕ್ಕೆ ಹೋದ ಮೇಲೆ ಕಂಕುಳಲ್ಲಿ ಉಳಿಯುವ ತಮ್ಮ. ಇಡೀ ಕುಟುಂಬ ಗುಳೆ ಹೋಗುವ ಊರುಗಳಲ್ಲಂತೂ ಮಗು ನಾಲ್ಕು ತಿಂಗಳು ಕಾಣೆಯಾಗಿ ಮತ್ತೆ ಬಂದಾಗ ಅದನ್ನು ಹೇಗೆ ಬರಮಾಡಿಕೊಳ್ಳುತ್ತೇವೆ ಎಂಬುದೇ ಅದರ ಮುಂದಿನ ಓದನ್ನು ನಿರ್ಧರಿಸುತ್ತದೆ. "ಬಂದ್ಯಾ ಮಹಾರಾಯ, ಈಗ ನೆನಪಾಯ್ತಾ ಸಾಲಿ?" ಎಂದು ತರಗತಿಯನ್ನು ನಗಿಸುವ ಶಿಕ್ಷಕರಿಗೆ ಆ ಮಾತು ಲಘುವೆನಿಸಬಹುದು. ಪುಣೆಯ ಕಡೆಯ ಕಬ್ಬಿನ ಗದ್ದೆಯಲ್ಲೋ ಬೆಂಗಳೂರಿನ ಕಟ್ಟಡದಡಿಯಲ್ಲೋ ಆ ನಾಲ್ಕು ತಿಂಗಳು ಕಳೆದು ಬಂದ ಹುಡುಗನಿಗೆ ಅದು ಲಘುವಲ್ಲ. ಹಿಂದೆ ಉಳಿದ ಪಾಠಗಳಿಗಿಂತ ಆ ನಗುವೇ ಅವನನ್ನು ಮತ್ತೆ ಗೇಟಿನಿಂದಾಚೆಗೆ ತಳ್ಳುತ್ತದೆ.

ಇನ್ನು ತರಗತಿಯೊಳಗೆ ಬಹಿರಂಗವಾಗಿ ಹೇಳಬಾರದ್ದನ್ನು ಬಹಿರಂಗವಾಗಿ ಹೇಳುವ ನಮ್ಮ ಅಭ್ಯಾಸ. ಈ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಖಾರವಾದರೆ ಕ್ಷಮಿಸಿ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಕಾಲ ಬಂತೆಂದರೆ ಸುತ್ತೋಲೆ ಹಿಡಿದು ತರಗತಿಗೆ ಬಂದು "ಎಸ್‌ಸಿ, ಎಸ್‌ಟಿ ಮಕ್ಕಳೆಲ್ಲ ಎದ್ದು ನಿಲ್ಲಿ, ಯಾರ್‍ಯಾರು ಆರ್‌ಡಿ ನಂಬರ್ ತಂದಿಲ್ಲ ಹೇಳಿ" ಎಂದು ಕೂಗುವುದನ್ನು ನೀವೂ ಕಂಡಿದ್ದೀರಿ. ನಾಡಕಚೇರಿಯ ಜಾತಿ ಪ್ರಮಾಣಪತ್ರದ ಸಂಖ್ಯೆಯೊಂದನ್ನು ಪಡೆಯಲು ನಲವತ್ತು ಸಹಪಾಠಿಗಳ ಎದುರು ಮಗುವನ್ನು ಅದರ ಜಾತಿಯಿಂದ ಗುರುತಿಸಿ ನಿಲ್ಲಿಸಬೇಕೇ? ಪ್ರವೇಶ ದಾಖಲಾತಿಯಲ್ಲಿ ಆ ವಿವರಗಳು ಇದ್ದೇ ಇವೆ. ಅವುಗಳಿಂದ ಪಟ್ಟಿ ಮಾಡಿಕೊಂಡು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಶಿಕ್ಷಕರ ಕೊಠಡಿಗೆ ಕರೆದು ಕೇಳಲು ಅರ್ಧ ಗಂಟೆ ಹೆಚ್ಚು ಹಿಡಿಯಬಹುದು, ಅಷ್ಟೆ. ಆ ಅರ್ಧ ಗಂಟೆಯನ್ನು ಉಳಿಸಿಕೊಳ್ಳಲು ನಾವು ಕೊಡುತ್ತಿರುವ ಬೆಲೆ, ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕದಲ್ಲಿ ಯಾರು ಕುಳಿತುಕೊಳ್ಳುತ್ತಾರೆ ಎಂಬುದರಲ್ಲಿ ಮರುದಿನವೇ ಕಾಣಿಸುತ್ತದೆ. ನ್ಯಾಪ್‌ಕಿನ್ ವಿತರಣೆಯನ್ನು ಹುಡುಗರ ಎದುರು ಮಾಡುವುದು, ಖಾಸಗಿ ಶಾಲೆಗಳಲ್ಲಿ ಶುಲ್ಕ ಕಟ್ಟದ ಮಕ್ಕಳ ಹೆಸರನ್ನು ತರಗತಿಯಲ್ಲಿ ಓದುವುದು, ಉತ್ತರ ಪತ್ರಿಕೆಗಳನ್ನು ಹೆಚ್ಚು ಅಂಕದಿಂದ ಕಡಿಮೆ ಅಂಕಕ್ಕೆ ಜೋಡಿಸಿ ಒಂದೊಂದನ್ನೇ ಕೂಗಿ ಹಂಚುವುದು ಎಲ್ಲವೂ ಇದೇ ಬಗೆಯವು. ಕೊನೆಯ ಪತ್ರಿಕೆ ತನ್ನದೇ ಎಂದು ಮೊದಲೇ ಗೊತ್ತಿರುವ ಮಗು, ಹೆಸರು ಬರುವವರೆಗಿನ ಆ ಹತ್ತು ನಿಮಿಷ ಏನನ್ನು ಕಲಿಯುತ್ತಿರುತ್ತದೆ ಎಂದು ಯೋಚಿಸಿ. ಪತ್ರಿಕೆಯನ್ನು ಮಡಿಸಿ ಕೈಗಿಟ್ಟು, ಒಳಗೆ ಎರಡು ಸಾಲು ಬರೆದರೆ ಸಾಕು. "ಎರಡನೇ ಪ್ರಶ್ನೆಯಲ್ಲಿ ನಿನ್ನ ವಿಚಾರ ಸರಿ ಇದೆ, ವಾಕ್ಯ ಮುಗಿಸಿಲ್ಲ" ಎಂಬಂಥ ಸಾಲನ್ನು ಮಗು ಮನೆಯಲ್ಲಿ ತೋರಿಸುತ್ತದೆ. ಕೆಂಪು ಶಾಯಿಯ ಅಡ್ಡಗೀಟನ್ನು ಮುಚ್ಚಿಡುತ್ತದೆ.

ಭಾಷೆಯ ವಿಷಯವೂ ಇದಕ್ಕೆ ಸೇರಿದ್ದೇ. ನಮ್ಮ ಜಿಲ್ಲೆಯ ಒಂದೇ ತರಗತಿಯಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಕನ್ನಡದ ಮಕ್ಕಳ ಜೊತೆ ಕುಳಿತಿರುತ್ತಾರೆ. ಕನ್ನಡದ ಮಕ್ಕಳ ಮಾತೂ ಪಠ್ಯಪುಸ್ತಕದ ಮಾತಲ್ಲ. ಗಟ್ಟಿಯಾಗಿ ಓದಲು ಎಬ್ಬಿಸಿದಾಗ ಮಹಾಪ್ರಾಣ ತಪ್ಪಿದ ಮಗುವನ್ನು ಅಣಕಿಸಿದರೆ, ಅದು ಆ ಒಂದು ಅಕ್ಷರವನ್ನು ತಿದ್ದಿಕೊಳ್ಳುವ ಬದಲು ಬಾಯಿ ತೆರೆಯುವುದನ್ನೇ ಬಿಡುತ್ತದೆ. ಕನ್ನಡ ಶಿಕ್ಷಕಿಯಾಗಿ ನಾನು ಉಚ್ಚಾರಣೆಯನ್ನು ಹಗುರವಾಗಿ ಕಂಡವಳಲ್ಲ. ಆದರೆ ಮಗು ಪೂರ್ತಿ ಓದಿ ಮುಗಿಸಲಿ, ಆಮೇಲೆ ಇಡೀ ತರಗತಿಗೇ ಆ ಪದವನ್ನು ಒಟ್ಟಾಗಿ ಹೇಳಿಸಿ. ಎಲ್ಲರ ನಾಲಿಗೆಯೂ ಒಟ್ಟಿಗೆ ತಿರುಗುವಾಗ ಯಾರ ನಾಲಿಗೆ ಎಡವಿತ್ತು ಎಂಬುದು ಮುಖ್ಯವಾಗುವುದಿಲ್ಲ.

ಕರುಣೆ ತೋರಿಸಿದರೆ ಶಿಸ್ತು ಹಾಳಾಗುತ್ತದೆ, ಫಲಿತಾಂಶ ಕುಸಿಯುತ್ತದೆ ಎಂಬ ಆಕ್ಷೇಪ ನನಗೆ ಹೊಸದಲ್ಲ. ಶಿಕ್ಷಕರ ಕೊಠಡಿಯಲ್ಲಿ ಅದನ್ನು ಅನುಭವಿಗಳೇ ಹೇಳುತ್ತಾರೆ, ಹಾಗಾಗಿ ತಳ್ಳಿಹಾಕುವ ಮಾತಲ್ಲ. ನನಗೆ ಅದಕ್ಕಿಂತ ಹೆಚ್ಚು ಅಪಾಯಕಾರಿಯಾಗಿ ಕಂಡಿರುವುದು ಇನ್ನೊಂದು ಬಗೆಯ ಮೃದುತನ. "ಪಾಪ, ಕೂಲಿಯವರ ಮಗ, ಅವನಿಗೆ ಬೀಜಗಣಿತ ಎಲ್ಲಿ ಹತ್ತಬೇಕು, ಪಾಸಾದರೆ ಸಾಕು" ಎಂದು ಹಿಂದಿನ ಬೆಂಚಿನಲ್ಲಿ ಕೂರಿಸಿ, ಗದರದೆ, ಪ್ರಶ್ನೆಯನ್ನೂ ಕೇಳದೆ ಬಿಟ್ಟುಬಿಡುವುದು. ಆ ಮಗುವಿಗೆ ಏಟು ಬೀಳುವುದಿಲ್ಲ, ಬೈಗುಳವೂ ಇಲ್ಲ, ಕಲಿಕೆಯೂ ಇಲ್ಲ. ಮಗುವಿನ ಮೇಲಿನ ಭರವಸೆಯನ್ನು ಕೈಬಿಟ್ಟ ಮರುಕಕ್ಕಿಂತ, ಹಟ ಹಿಡಿದು ಮತ್ತೆ ಮತ್ತೆ ಲೆಕ್ಕ ಮಾಡಿಸುವ ಕಟ್ಟುನಿಟ್ಟಿನ ಶಿಕ್ಷಕರಲ್ಲೇ ನಾನು ಹೆಚ್ಚು ಪ್ರೀತಿಯನ್ನು ಕಂಡಿದ್ದೇನೆ. ಅವರು ಮಗುವಿನ ಮನೆಯ ಪರಿಸ್ಥಿತಿಯನ್ನು ಅರಿತಿರುತ್ತಾರೆ, ಆದರೆ ಅದನ್ನು ಮಗುವಿನ ಬುದ್ಧಿಯ ಅಳತೆಯಾಗಿ ಬಳಸುವುದಿಲ್ಲ.

ಮಗು ಇರುವ ಹಂತದಿಂದ ಕಲಿಸುವ ದಾರಿಯನ್ನು ನಮ್ಮ ರಾಜ್ಯದ ಶಿಕ್ಷಕರೇ ಒಮ್ಮೆ ತೋರಿಸಿಕೊಟ್ಟಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ನಲಿಕಲಿಯನ್ನು ರೂಪಿಸಿದರು. ಕಲಿಕೆಯನ್ನು ಮೆಟ್ಟಿಲುಗಳಾಗಿ ಬಿಡಿಸಿ, ಗೈರಾದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವಂತೆ ಮಾಡಿದ್ದು ಅದರ ತಿರುಳು. ಹೊಲಗೆಲಸಕ್ಕೋ ಹಬ್ಬಕ್ಕೋ ತಪ್ಪಿಸಿಕೊಂಡ ಮಗುವಿಗೆ ಅಲ್ಲಿ ಅವಮಾನವಿರಲಿಲ್ಲ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ವಿಸ್ತರಣೆಯಾಯಿತು. ಅದರ ಜಾರಿಯಲ್ಲಿ ಲೋಪಗಳಿವೆ, ಕಾರ್ಡುಗಳು ಹರಿದು ವರ್ಷಗಟ್ಟಲೆ ಹಾಗೇ ಇರುವ ಶಾಲೆಗಳೂ ಇವೆ. ಆದರೂ ಎಂಟು ವರ್ಷದ ಮಗುವಿಗೆ ನಾವು ಕೊಟ್ಟ ಆ ತಾಳ್ಮೆಯನ್ನು ಹದಿಮೂರು ವರ್ಷದ ಮಗುವಿನಿಂದ ಪೂರ್ತಿಯಾಗಿ ಕಿತ್ತುಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಇಲಾಖೆಯಿಂದ ಇದುವರೆಗೆ ಸಮಾಧಾನಕರ ಉತ್ತರ ನನಗೆ ಸಿಕ್ಕಿಲ್ಲ.

ಮಗುವನ್ನು ವಿಚಾರಿಸುವ ಶಿಕ್ಷಕರಿಗೆ ಕೆಲವೊಮ್ಮೆ ಕೇಳಲು ಕಷ್ಟವಾದ ಉತ್ತರವೂ ಬರುತ್ತದೆ. ಹತ್ತನೇ ತರಗತಿ ಮುಗಿಯುವ ಮೊದಲೇ ಮದುವೆ ಗೊತ್ತಾಗಿದೆ ಎನ್ನಬಹುದು, ಸಂಬಂಧಿಕರಲ್ಲೇ ಯಾರೋ ಮೈಮುಟ್ಟುತ್ತಾರೆ ಎನ್ನಬಹುದು, ಬದುಕುವುದೇ ಬೇಡವೆನಿಸುತ್ತದೆ ಎನ್ನಬಹುದು. ಇಲ್ಲಿ ನಮ್ಮ ಒಳ್ಳೆಯತನ ದಾರಿ ತಪ್ಪುವ ಸಂಭವ ಹೆಚ್ಚು. ಮನೆತನದ ಮರ್ಯಾದೆ, ಹುಡುಗಿಯ ಮುಂದಿನ ಬದುಕು, ಊರಿನವರ ವಿರೋಧ ಎಂದೆಲ್ಲ ಯೋಚಿಸಿ, "ಯಾರಿಗೂ ಹೇಳಬೇಡ, ಎಲ್ಲ ಸರಿಹೋಗುತ್ತದೆ" ಎಂದು ಸಮಾಧಾನ ಮಾಡಿ ಕಳಿಸಿಬಿಡುತ್ತೇವೆ. ಅದು ಮಗುವಿಗೆ ಬಗೆಯುವ ದ್ರೋಹ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಅದನ್ನು ವರದಿ ಮಾಡಲೇಬೇಕೆಂದು ಪೋಕ್ಸೊ ಕಾಯ್ದೆ 2012 ವಿಧಿಸುತ್ತದೆ; ಮುಚ್ಚಿಡುವುದು ಅಪರಾಧ. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಪರಿಗಣಿಸುವ ತಿದ್ದುಪಡಿಯನ್ನು ನಮ್ಮ ರಾಜ್ಯವೇ ಮಾಡಿಕೊಂಡಿದೆ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್‌ನ 14416 ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಮಗುವಿನ ಮಾತನ್ನು ನಂಬುವುದು, ಅದನ್ನು ಪದೇ ಪದೇ ಹೇಳಿಸದಿರುವುದು, ಯಾರಿಗೆ ತಿಳಿಸುತ್ತೇವೆ ಎಂಬುದನ್ನು ಮಗುವಿಗೇ ಮುಂಚಿತವಾಗಿ ಹೇಳುವುದು ನಮ್ಮಿಂದ ಆಗುವ ಕೆಲಸ. ತನಿಖೆಯಾಗಲಿ ಚಿಕಿತ್ಸೆಯಾಗಲಿ ನಮ್ಮ ಕೆಲಸವಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ಬಗ್ಗೆಯೂ ಹೇಳಲೇಬೇಕು. 2025ರ ಮೊದಲ ಪರೀಕ್ಷೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಅನುತ್ತೀರ್ಣರಾದರು. ಆ ಬೆಳಿಗ್ಗೆ ಶಾಲೆಗಳಲ್ಲಿ ಸಿಹಿ ಹಂಚಿಕೆ, ಮೊದಲ ಸ್ಥಾನದವರ ಫೋಟೊ, ಹಾರ. ಅದೆಲ್ಲ ಇರಲಿ, ಗೆದ್ದ ಮಕ್ಕಳ ಸಂತೋಷಕ್ಕೆ ಯಾರೂ ಅಡ್ಡಿಯಾಗಬಾರದು. ಆದರೆ ಅದೇ ಬೆಳಿಗ್ಗೆ ತರಗತಿ ಶಿಕ್ಷಕರು ಅನುತ್ತೀರ್ಣರಾದವರ ಪಟ್ಟಿ ಎದುರಿಟ್ಟುಕೊಂಡು ಪ್ರತಿಯೊಂದು ಮನೆಗೂ ಫೋನ್ ಮಾಡಬೇಕು. ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಇದೆ, ಮುಂದಿನ ಪರೀಕ್ಷೆ ಕೆಲವೇ ವಾರಗಳಲ್ಲಿ ಬರುತ್ತದೆ, ಶಾಲೆ ನಿನ್ನ ಜೊತೆಗಿದೆ ಎಂಬ ಮಾತನ್ನು ಮಗುವಿಗೂ, ಅದಕ್ಕಿಂತ ಮುಖ್ಯವಾಗಿ ಅದರ ತಂದೆಗೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ಆ ದಿನ ಮಗುವಿನ ಪರವಾಗಿ ಮಾತನಾಡುವ ಹಿರಿಯರೆಂದರೆ ಶಿಕ್ಷಕರು ಮಾತ್ರ.

ಇಲ್ಲಿಯವರೆಗೆ ಶಿಕ್ಷಕರಿಗೆ ಹೇಳಿದೆ. ಇನ್ನು ಮುಂದಿನದು ಇಲಾಖೆಯ ಅಧಿಕಾರಿಗಳಿಗೆ.

ಮಾನ್ಯರೇ, ಮೇಲೆ ಹೇಳಿದ ಪ್ರತಿಯೊಂದಕ್ಕೂ ಸಮಯ ಬೇಕು, ಮತ್ತು ಶಿಕ್ಷಕರ ಬಳಿ ಇಲ್ಲದಿರುವುದು ಅದೇ. ಬೆಳಿಗ್ಗೆ ಹಾಲು, ಮಧ್ಯಾಹ್ನ ಊಟ, ಮೊಟ್ಟೆ, ಬಾಳೆಹಣ್ಣುಗಳ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಅಂಕ ಮತ್ತು ಹಾಜರಿ ಏರಿಸುವುದು, ಸಂಜೆಯೊಳಗೆ ಮಾಹಿತಿ ಕಳಿಸಿ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು, ಮತಗಟ್ಟೆ ಅಧಿಕಾರಿಯ ಕೆಲಸ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುವುದಿಲ್ಲ, ಆದರೆ ಅದಕ್ಕಾಗಿ ದಸರಾ ರಜೆಯನ್ನು ವಿಸ್ತರಿಸಬೇಕಾಯಿತು. ಅದು ನಮ್ಮ ಕಡೆ ಮಕ್ಕಳು ಶಾಲೆಯಿಂದ ಹೊಲಕ್ಕೆ ಜಾರುವ ಕಾಲವೇ ಆಗಿತ್ತು ಎಂಬುದನ್ನು ಯಾರಾದರೂ ಗಮನಕ್ಕೆ ತಂದುಕೊಂಡಿದ್ದರೇ? ಖಾಲಿ ಹುದ್ದೆಗಳಲ್ಲಿ ದುಡಿಯುವ ಅತಿಥಿ ಶಿಕ್ಷಕರ ಸ್ಥಿತಿ ಇನ್ನೂ ಕಷ್ಟದ್ದು. ಗೌರವಧನ ತಿಂಗಳುಗಟ್ಟಲೆ ತಡವಾಗುವಾಗ, ಮುಂದಿನ ವರ್ಷ ಇದೇ ಶಾಲೆಯಲ್ಲಿ ಇರುತ್ತೇನೋ ಇಲ್ಲವೋ ಎಂಬುದು ತಿಳಿಯದಿರುವಾಗ, ಮಗುವಿನ ಮನೆಯ ಕಷ್ಟ ವಿಚಾರಿಸಿ ಎಂದು ಅವರಿಗೆ ಯಾವ ಮುಖದಿಂದ ಹೇಳೋಣ?

ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಶ್ರೇಯಾಂಕ ಪಟ್ಟಿಯೂ ಈ ವಿಷಯದಿಂದ ಹೊರತಲ್ಲ. 2024ರಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಈ ಪಟ್ಟಿ ಪ್ರಕಟವಾದ ಮೇಲೆ ಕೊನೆಯ ಜಿಲ್ಲೆಯ ಉಪನಿರ್ದೇಶಕರಿಗೆ ನೋಟಿಸ್, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ತಾಕೀತು, ಅಲ್ಲಿಂದ ಮುಖ್ಯ ಶಿಕ್ಷಕರಿಗೆ, ಅಲ್ಲಿಂದ ವಿಷಯ ಶಿಕ್ಷಕರಿಗೆ. ಮೇಲಿನ ಕಾಲುವೆಯಲ್ಲಿ ಬಿಟ್ಟ ನೀರು ಕೊನೆಯ ಹೊಲಕ್ಕೆ ಮುಟ್ಟುವ ಹಾಗೆ ಆ ಒತ್ತಡ ಕೊನೆಗೆ ಹಿಂದಿನ ಬೆಂಚಿನ ಮಗುವಿನ ಮೇಲೆ ಬಂದು ನಿಲ್ಲುತ್ತದೆ, ಏಕೆಂದರೆ ಅದನ್ನು ಮುಂದಕ್ಕೆ ದಾಟಿಸಲು ಆ ಮಗುವಿಗೆ ಯಾರೂ ಇಲ್ಲ. ಶೇಕಡಾವಾರು ಏರಿಸಲು "ಸಿ ಗುಂಪು" ಎಂದು ಹೆಸರಿಟ್ಟು ಮಕ್ಕಳನ್ನು ಬೇರೆ ಕೂರಿಸುವುದು, ಪರೀಕ್ಷೆ ಕಟ್ಟಬೇಡ ಎಂದು ಪೋಷಕರ ಮನವೊಲಿಸುವುದು ಹುಟ್ಟಿಕೊಳ್ಳುವುದು ಇಲ್ಲಿಂದಲೇ.

ಆದ್ದರಿಂದ ನನ್ನ ಕೋರಿಕೆಗಳು ಇವು. ವಾರಕ್ಕೆ ಒಂದು ಪಿರಿಯಡ್ ಅನ್ನು ಯಾವ ಪಾಠವೂ, ಯಾವ ದಾಖಲೆಯೂ ಇಲ್ಲದೆ ತರಗತಿ ಶಿಕ್ಷಕರು ಮಕ್ಕಳೊಂದಿಗೆ ಒಬ್ಬೊಬ್ಬರಾಗಿ ಮಾತನಾಡಲೆಂದೇ ವೇಳಾಪಟ್ಟಿಯಲ್ಲಿ ಮೀಸಲಿಡಿ, ಮತ್ತು ದಯವಿಟ್ಟು ಅದಕ್ಕೊಂದು ನಮೂನೆ ತಯಾರಿಸಿ ಆನ್‌ಲೈನ್‌ನಲ್ಲಿ ತುಂಬಲು ಹೇಳಬೇಡಿ. ಜಾತಿ, ಶುಲ್ಕ, ಅಂಕಗಳನ್ನು ತರಗತಿಯಲ್ಲಿ ಕೂಗಿ ಹೇಳಬಾರದೆಂದು ಸ್ಪಷ್ಟ ಸುತ್ತೋಲೆ ಹೊರಡಿಸಿ. ಶಾಲೆಗಳ ಪರಿಶೀಲನೆಗೆ ಬರುವ ಅಧಿಕಾರಿಗಳು ಶೇಕಡಾವಾರು ಕೇಳುವ ಮೊದಲು, ಕಳೆದ ವರ್ಷ ದಾಖಲಾದ ಮಕ್ಕಳಲ್ಲಿ ಯಾರು ಈಗ ಇಲ್ಲ, ಅವರು ಎಲ್ಲಿದ್ದಾರೆ ಎಂದು ಕೇಳಲಿ. ಗುಳೆ ಹೋಗುವ ತಾಲ್ಲೂಕುಗಳಲ್ಲಿ ಋತುಮಾನದ ವಸತಿ ವ್ಯವಸ್ಥೆಯನ್ನು ಕುಟುಂಬಗಳು ಹೊರಡುವ ಮೊದಲೇ, ಅಕ್ಟೋಬರ್‌ಗೆ ಮುನ್ನವೇ ತೆರೆಯಿರಿ. ಜನವರಿಯಲ್ಲಿ ಮಂಜೂರಾತಿ ಬಂದರೆ ಅದರೊಳಗೆ ಇರಲು ಮಕ್ಕಳು ಊರಲ್ಲಿರುವುದಿಲ್ಲ. ಅತಿಥಿ ಶಿಕ್ಷಕರ ಗೌರವಧನವನ್ನು ಪ್ರತಿ ತಿಂಗಳೂ ಪಾವತಿಸಿ.

ಇವುಗಳಲ್ಲಿ ಮೊದಲ ಮೂರಕ್ಕೆ ಹೊಸ ಅನುದಾನವೂ ಬೇಡ, ವಿಧಾನಮಂಡಲದ ಒಪ್ಪಿಗೆಯೂ ಬೇಡ. ಬರುವ ತಿಂಗಳ ಮುಖ್ಯ ಶಿಕ್ಷಕರ ಸಭೆಗಳ ಕಾರ್ಯಸೂಚಿಯಲ್ಲಿ ಇವನ್ನು ಸೇರಿಸಬೇಕೆಂದು, ಮತ್ತು ಏನು ನಿರ್ಧಾರವಾಯಿತು ಎಂಬುದನ್ನು ಶಾಲಾಭಿವೃದ್ಧಿ ಸಮಿತಿಗಳಿಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ವಿಶ್ವಾಸದಿಂದ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ರಾಯಚೂರು ಜಿಲ್ಲೆ